ಜೂನ್ ಒಂದರ ಹುಡುಗಿ

ನಮ್ಮ ವಠಾರದ ಹದಿನಾರು ರೂಮುಗಳಲ್ಲಿ ಹನ್ನೊಂದು ಜನ ಜೂನ್ ಒಂದನೇ ತಾರೀಕು ಹುಟ್ಟಿದವರು. ಇದು ನಾನು ಕಟ್ಟಿದ ಮಾತಲ್ಲ, ಅವರ ಆಧಾರ್ ಕಾರ್ಡಿನಲ್ಲಿರುವುದೇ ಹಾಗೆ. ನಮ್ಮಪ್ಪ ಬೈಲಪ್ಪ ರಾಗಿ ಬೆಳೆಯುತ್ತಿದ್ದ ಬೈಯಪ್ಪನಹಳ್ಳಿಯ ಜಾಗದಲ್ಲಿ ಈಗ ಈ ರೂಮುಗಳಿವೆ. ಅವುಗಳ ಮುಂದೆ ನನ್ನ ಜೆರಾಕ್ಸ್ ಅಂಗಡಿ. ಬಾಡಿಗೆಗೆ ಬಂದವರ ಕಾಗದಪತ್ರವೆಲ್ಲ ನನ್ನ ಮೆಷಿನ್ನಿನ ಮೇಲೆ ಮಲಗಿ ಎದ್ದುಹೋಗುವುದರಿಂದ ಯಾರು ಯಾವತ್ತು ಹುಟ್ಟಿದರೆಂದು ನನಗೆ ಗೊತ್ತು. ಯಾವತ್ತು ಹುಟ್ಟಲಿಲ್ಲ ಎನ್ನುವುದೂ ಗೊತ್ತು.

ಯಾದಗಿರಿ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದವರು ಇವರು. ಮಗು ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿರುವುದಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಡುಗನ ಎತ್ತರ ನೋಡಿ ಒಂದು ವರ್ಷ ಊಹಿಸುತ್ತಾರೆ, ಶಾಲೆ ತೆರೆಯುವ ತಿಂಗಳೆಂದು ಜೂನ್ ಒಂದು ಹಾಕುತ್ತಾರೆ. ಅಲ್ಲಿಂದ ಮುಂದೆ ಜೀವನಪೂರ್ತಿ ಅದೇ ಜನ್ಮದಿನ.

ಏಳನೇ ರೂಮಿನ ನಾಗರತ್ನಾಳದೂ ಹಾಗೆಯೇ ಆದದ್ದು. ಅವರು ಬೆಂಗಳೂರಿಗೆ ಬಂದಾಗ ಅವಳಿಗೆ ಎಂಟು ವರ್ಷ ತುಂಬುತ್ತಿತ್ತು. ಒಂದನೇ ಕ್ಲಾಸಿಗೆ ವಯಸ್ಸು ಜಾಸ್ತಿಯಾಯಿತೆಂದು ಆರು ಅಂತ ಬರೆಸಿದರು. ಅವಳ ತಾಯಿ ಅಯ್ಯಮ್ಮ ಇಂದಿರಾನಗರದ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಆ ಕಥೆ ಹೇಳುವಾಗ ಅವಳ ಮುಖದಲ್ಲಿ ಗೆಲುವು ಕಾಣುತ್ತಿತ್ತು. "ಎರಡ ವರ್ಷ ಉಳೀತ ನೋಡ್ರಿ ಅಕ್ಕಾರ. ಮುಂದ ಸರ್ಕಾರಿ ನೌಕರಿ ಹತ್ತಿದ್ರ ಎರಡ ವರ್ಷ ಜಾಸ್ತಿ ಮಾಡಬಹುದು," ಎನ್ನುತ್ತಿದ್ದಳು. ಹುಡುಗಿ ಇನ್ನೂ ಅ ಆ ಇ ಈ ತಿದ್ದುತ್ತಿರುವಾಗಲೇ ಇವಳು ರಿಟೈರ್‌ಮೆಂಟ್ ತನಕ ಯೋಚಿಸಿದ್ದಳು.

ಅಂಗಡಿಯ ಒಂದು ಗೋಡೆಗೆ ನಾನು ಹಳೆಯ ಪುಸ್ತಕಗಳನ್ನು ಜೋಡಿಸಿದ್ದೇನೆ. ಶಿವಾಜಿನಗರದ ಗುಜರಿಯಿಂದ ತೂಕಕ್ಕೆ ತಂದವು. ಅದರಲ್ಲಿ 'ಇದ್ದಿಲು' ಎನ್ನುವ ಕಾಮಿಕ್ಸ್ ಚಿತ್ರಕಥೆಯ ಏಳು ಭಾಗಗಳಿದ್ದವು. ನಾಯಕಿ ಹಲಸೂರಿನ ಮೂಲೆಯೊಂದರಲ್ಲಿ ಗಾಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುವ ಐವತ್ತರ ಹೆಂಗಸು. ಅವಳ ಎಡಗೈಯಲ್ಲಿ ಬೆಂಕಿ ಇದೆ. ಅನ್ಯಾಯ ಕಂಡರೆ ಆ ಕೈ ಕೆಂಪಾಗುತ್ತದೆ, ಕಬ್ಬಿಣವೂ ಕರಗುತ್ತದೆ. ಆದರೆ ಬೆಂಕಿ ಹೊತ್ತಿಸಿದ ಪ್ರತಿ ಸಲವೂ ಅವಳನ್ನು ಪ್ರೀತಿಸುವ ಒಬ್ಬರಿಗೆ ಅವಳ ಗುರುತು ಮರೆತುಹೋಗುತ್ತದೆ. ಮೊದಲ ಭಾಗದಲ್ಲಿ ಪಕ್ಕದ ಹೂವಿನವಳು, ಮೂರನೆಯದರಲ್ಲಿ ಗಂಡ. ಏಳನೆಯದರಲ್ಲಿ ಸ್ವಂತ ತಾಯಿ ಬಾಗಿಲು ತೆಗೆದು "ಯಾರು ಬೇಕಮ್ಮಾ?" ಎಂದು ಕೇಳುತ್ತಾಳೆ.

ನಾಗರತ್ನಾ ಅದನ್ನು ಐದನೇ ಕ್ಲಾಸಿನಲ್ಲಿ ಹಿಡಿದವಳು ಬಿಡಲೇ ಇಲ್ಲ. ಪುಸ್ತಕ ಮನೆಗೆ ಒಯ್ದರೆ ಅಯ್ಯಮ್ಮ ಒಲೆಗೆ ಹಾಕುತ್ತೇನೆಂದು ಬೆದರಿಸುತ್ತಿದ್ದಳು. ಹಾಗಾಗಿ ನನ್ನ ಅಂಗಡಿಯಲ್ಲೇ, ಪೇಪರ್ ಬಂಡಲಿನ ಮೇಲೆ ಕೂತು ಓದುತ್ತಿದ್ದಳು. ಸ್ಪಾಯ್ಲ್ ಆದ ಜೆರಾಕ್ಸ್ ಹಾಳೆಗಳ ಹಿಂದೆಲ್ಲ ಆ ಎಡಗೈಯ ಚಿತ್ರ ಬರೆದಿಡುತ್ತಿದ್ದಳು. ಗಿರಾಕಿಯೊಬ್ಬರ ಜಾತಿ ಪ್ರಮಾಣಪತ್ರದ ಪ್ರತಿಯ ಬೆನ್ನಿನಲ್ಲೂ ಒಂದು ಉರಿಯುವ ಕೈ ಹೋಗಿ, ಅವರು ತಹಸೀಲ್ದಾರ್ ಕಚೇರಿಯಿಂದ ವಾಪಸ್ ಬಂದು ನನ್ನ ಜನ್ಮ ಜಾಲಾಡಿದರು.

"ತಾಯಿಗೇ ಮರೆತುಹೋಗೋದು ಸೂಪರಾಗಿದೆ ಅಲ್ವಾ ಅಕ್ಕ? ಎಷ್ಟು ಸಲ ಓದಿದ್ರೂ ಅಲ್ಲಿ ಗಂಟಲು ಕಟ್ಟುತ್ತೆ," ಎನ್ನುತ್ತಿದ್ದಳು. ಗಂಟಲು ಕಟ್ಟುವುದರಲ್ಲಿ ಏನು ಸೂಪರ್ ಎಂದು ನಾನು ಬೈಯುತ್ತಿದ್ದೆ.

ಎರಡು ವರ್ಷದ ಹಿಂದೆ 'ಇದ್ದಿಲು' ಸಿನಿಮಾ ಆಗುತ್ತದೆಂದು ಸುದ್ದಿ ಬಂತು. ಅವತ್ತಿನಿಂದ ನನ್ನ ತಲೆ ತಿಂದಳು. ಟೀಸರನ್ನು ನನ್ನ ಕಂಪ್ಯೂಟರಿನಲ್ಲಿ ಎಷ್ಟು ಸಲ ನೋಡಿದಳೆಂದರೆ, ಪ್ರಿಂಟ್ ತೆಗೆಸಲು ಬಂದವರೂ ಸಂಭಾಷಣೆ ಕಲಿತರು. ನಾಯಕಿಗೆ ವಯಸ್ಸು ಕಮ್ಮಿ ಮಾಡಿದ್ದಾರೋ, ಹಾಡು ತುರುಕಿದ್ದಾರೋ, ಮಕ್ಕಳ ಸಿನಿಮಾ ಮಾಡಿಟ್ಟಿದ್ದಾರೋ ಎಂಬ ಚಿಂತೆ ಅವಳಿಗೆ. ಕಡೆಗೆ ಈ ಜನವರಿಯಲ್ಲಿ ಒಂದು ಮಧ್ಯಾಹ್ನ ಕಾಲೇಜಿನಿಂದ ಓಡಿ ಬಂದಳು. "ಅಕ್ಕ, ಎ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಒಂದೂ ಕಟ್ ಇಲ್ವಂತೆ. ಪುಸ್ತಕದಲ್ಲಿ ಇರೋ ಹಾಗೇ ಇದೆ," ಎಂದು ಕುಣಿದಳು. ನಾನೂ ಸಂತೋಷಪಟ್ಟೆ. ಅವಳ ಕಾರ್ಡನ್ನು ನಲವತ್ತು ಸಲ ಜೆರಾಕ್ಸ್ ಮಾಡಿದ ಈ ಮಂಡೆಗೆ ಆಗ ಏನೂ ಹೊಳೆಯಲಿಲ್ಲ. ನಮಗಿಬ್ಬರಿಗೂ ಅವಳು ಹತ್ತೊಂಬತ್ತರ ಹುಡುಗಿಯೇ ಆಗಿದ್ದಳು.

ಅದಾದ ನಾಲ್ಕೇ ದಿನಕ್ಕೆ ಅಯ್ಯಮ್ಮ ಲಗ್ನಪತ್ರಿಕೆಯ ಕರಡು ಹಿಡಿದು ಬಂದಳು. ವಧು ನಾಗರತ್ನಾ. ವರ ಭಗವಂತರಾಯ, ಅಂದರೆ ಅಯ್ಯಮ್ಮನ ಸ್ವಂತ ತಮ್ಮ, ಮೂವತ್ತಾರು ವರ್ಷ, ಊರಿನಲ್ಲಿ ಗೊಬ್ಬರದ ಅಂಗಡಿ. ಮದುವೆ ಊರಿನಲ್ಲಿ, ಸಿನಿಮಾ ಬಿಡುಗಡೆಯಾಗುವ ಶುಕ್ರವಾರ ಕಳೆದು ಬರುವ ಬುಧವಾರ. ಭಾನುವಾರವೇ ಎಲ್ಲರೂ ರೈಲು ಹತ್ತಬೇಕು.

"ಪಿಯುಸಿ ಪರೀಕ್ಷೆಗೆ ಒಂದು ತಿಂಗಳಿದೆಯಲ್ಲೇ," ಎಂದೆ.

"ಪರೀಕ್ಷಾ ಬರ್ದು ಏನ್ ಮಾಡೋದೈತಿ ಅಕ್ಕಾರ. ತೊಟ್ಟಲದಾಗ ಇದ್ದಾಗ್ಲೇ ನಮ್ಮ ತಮ್ಮಗ ಮಾತ ಕೊಟ್ಟೀನಿ," ಎಂದಳು ಅಯ್ಯಮ್ಮ. ಕೆಟ್ಟವಳಲ್ಲ ಅವಳು. ಮಗಳನ್ನು ಹೊರಗಿನವರ ಕೈಗೆ ಕೊಡುವುದಕ್ಕಿಂತ ತನ್ನ ತವರಿಗೆ ಕಳಿಸುವುದು ಕ್ಷೇಮವೆಂದು ಮನಸಾರೆ ನಂಬಿದ್ದಳು. ಅದೇ ಕಷ್ಟ. ಕೆಟ್ಟವರಾದರೆ ಜಗಳವಾದರೂ ಆಡಬಹುದಿತ್ತು.

ನಾಗರತ್ನಾ ಬೇಡವೆಂದು ಅತ್ತಳು, ಊಟ ಬಿಟ್ಟಳು. ಅವಳ ಅಪ್ಪ, ದತ್ತು ಎಂಬವನು, ಮೆಟ್ರೋ ಡಿಪೋದಲ್ಲಿ ಬೋಗಿ ತೊಳೆಯುವವನು. ಅವನು ಮಗಳ ಫೋನ್ ಕಿತ್ತು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. "ಮಾಮ ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಆಡಿಸಿದವ್ರು ಅಕ್ಕ. ಅವರನ್ನ ನೋಡಿದ್ರೆ ನಂಗೆ ಮಾಮ ಅಂತಾನೇ ಅನ್ಸೋದು," ಎಂದು ನನ್ನೆದುರು ಬಿಕ್ಕಿದಳು. ನಾನು ಅಯ್ಯಮ್ಮನಿಗೆ ಇನ್ನೊಂದು ಸಲ ಹೇಳಿದೆ. "ನಿಮ್ಮ ಮನಿ ಮಾತಿನಾಗ ನಾವ್ ಬರ್ತೀವೇನ್ರಿ," ಎಂದಳು. ಬೇರೆಯವರ ಸಂಸಾರದಲ್ಲಿ ಮೂಗು ತೂರಿಸಬಾರದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿಗಳಿಗೆ ಇಂಥ ಸಮಾಧಾನ ಬೇಗ ಸಿಗುತ್ತದೆ.

ಬಿಡುಗಡೆಯ ಹಿಂದಿನ ದಿನ, ಗುರುವಾರ, ನಾಗರತ್ನಾ ಬಂದು ಒಂದೇ ಮಾತು ಕೇಳಿದಳು. "ಅಕ್ಕ, ಹೋಗೋದ್ರೊಳಗೆ ಸಿನಿಮಾ ತೋರಿಸ್ತೀರಾ? ಆಮೇಲೆ ಏನಾದ್ರೂ ಆಗ್ಲಿ." ಆ ದನಿ ಕೇಳಿ ಕಂಪ್ಯೂಟರಿನಲ್ಲಿ ಎರಡು ಟಿಕೆಟ್ ಮಾಡಿದೆ. ನೋಡುವವರಿಗೆಲ್ಲ ಹದಿನೆಂಟು ತುಂಬಿದೆಯೇ ಎಂದು ಕೇಳಿತು. ಹೌದೆಂದು ಒತ್ತಿದೆ.

ಶುಕ್ರವಾರ ಬೆಳಗಿನ ಆಟ. ಮಗಳಿಗೆ ಬಳೆ ಕೊಡಿಸಿ ತರುತ್ತೇನೆಂದು ಅಯ್ಯಮ್ಮನಿಗೆ ಹೇಳಿ ಕರೆದುಕೊಂಡು ಹೊರಟೆ. ಮೆಟ್ರೋದಲ್ಲಿ ಗರುಡಾಚಾರ್‌ಪಾಳ್ಯದ ತನಕ ಅವಳು ಏಳನೇ ಭಾಗದ ಕೊನೆಯ ಹದಿನಾಲ್ಕು ಪುಟಗಳನ್ನು ಬಾಯಿಪಾಠ ಒಪ್ಪಿಸಿದಳು. ಎಡ ಅಂಗೈಗೆ ಕೆಂಪು ಮಸಿ ಬಳಿದುಕೊಂಡಿದ್ದಳು. ಮಾಲ್‌ನ ಮೆಟ್ಟಿಲಲ್ಲಿ ಹಾಗೇ ಕೈಗೆ ಬಣ್ಣ ಹಚ್ಚಿಕೊಂಡ ಹುಡುಗರ ಗುಂಪು ಕಂಡಿತು. ಅವರು ಕೈ ಎತ್ತಿ ತೋರಿಸಿದರು. ಇವಳೂ ಎತ್ತಿದಳು. ಹದಿನೈದು ದಿನಗಳಲ್ಲಿ ಮೊದಲ ಸಲ ನಕ್ಕಳು.

ಬಾಗಿಲಲ್ಲಿ ಟಿಕೆಟ್ ನೋಡುತ್ತಿದ್ದ ಹೆಂಗಸಿನ ಬ್ಯಾಡ್ಜ್ ಮೇಲೆ ಅಲಿಯಾ ಎಂದಿತ್ತು. ಟಿಕೆಟ್ ನೋಡಿ, ನಾಗರತ್ನಾಳ ಮುಖ ನೋಡಿ, "ಐಡಿ ತೋರ್ಸಿ," ಎಂದಳು. ನಾಗರತ್ನಾ ಯಾವ ಯೋಚನೆಯೂ ಇಲ್ಲದೆ ಆಧಾರ್ ತೆಗೆದುಕೊಟ್ಟಳು. ಆ ಕ್ಷಣದಲ್ಲಿ ನನಗೆ ನೆನಪಾಯಿತು. ಆದರೆ ಕಾರ್ಡು ಆಗಲೇ ಕೈ ದಾಟಿತ್ತು.

"ಎರಡು ಸಾವಿರದ ಎಂಟು ಜೂನ್. ಹದಿನೇಳು. ಸಾರಿ ಮಾ, ಎ ಫಿಲ್ಮ್ ಇದು. ಬಿಡೋಕಾಗಲ್ಲ."

"ಮೇಡಂ, ಅದು ಶಾಲೆಯಲ್ಲಿ ಸುಮ್ನೆ ಬರ್ಸಿದ್ದು. ನಂಗೆ ಹತ್ತೊಂಬತ್ತು."

"ಎಲ್ಲರೂ ಹಾಗೇ ಹೇಳ್ತಾರೆ."

"ಇವರನ್ನ ಕೇಳಿ. ಅಕ್ಕ, ಹೇಳಿ." ನಾನು ಹೇಳಿದೆ, ಬೇಡಿದೆ, ಮ್ಯಾನೇಜರನ್ನು ಕರೆಯಿರೆಂದು ಕೂಗಾಡಿದೆ. ಹಿಂದಿನವರು ತಳ್ಳತೊಡಗಿದರು. ಒಳಗಿನಿಂದ ಸಿನಿಮಾ ಶುರುವಾದ ಸದ್ದು ಕೇಳಿಸಿತು, ಮೊದಲ ಪುಟದ ಆ ಇಸ್ತ್ರಿ ಪೆಟ್ಟಿಗೆಯ ಸದ್ದು. ನಾಗರತ್ನಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವಳ ದನಿ ಒಡೆಯಿತು. "ಬರೋ ಬುಧವಾರ ನಂಗೆ ಮದ್ವೆ ಮೇಡಂ. ಇದೊಂದೇ ನಾನು ಕೇಳಿರೋದು. ಹದಿನೇಳಾಗಿದ್ರೆ ನಂಗೆ ಮದ್ವೆ ಮಾಡ್ತಿದ್ರಾ?"

ಅಲಿಯಾ ಕಾರ್ಡನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿ, "ಈ ಕಾರ್ಡ್ ಇಟ್ಕೊಂಡು ನಿಂಗೆ ಮದ್ವೆ ಮಾಡೋ ಹಾಗೂ ಇಲ್ಲ ಮಾ," ಎಂದು ಕಾರ್ಡನ್ನು ವಾಪಸ್ ಕೊಟ್ಟಳು.

ನಾಗರತ್ನಾ ಚೌಕಟ್ಟನ್ನು ಬಿಟ್ಟಳು. ಹೊರಗಿನ ಬೆಂಚಿನ ಮೇಲೆ ಹೋಗಿ ಕೂತು ಕಾರ್ಡನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ನಾನು ಟಿಕೆಟ್ಟಿಗೂ ಮೇಷ್ಟ್ರಿಗೂ ಸೇರಿಸಿ ಬೈಯುತ್ತಿದ್ದೆ.

"ಅಕ್ಕ, ನಿಮ್ಮ ಫೋನ್ ಕೊಡ್ತೀರಾ?"

ಯಾಕೆಂದು ನನಗೆ ಗೊತ್ತಾಯಿತು. ಕೈ ಬ್ಯಾಗಿನ ಒಳಗೇ ನಿಂತಿತು. ಅಯ್ಯಮ್ಮ ಹನ್ನೆರಡು ವರ್ಷದಿಂದ ನಮ್ಮ ಮನೆಯ ಬಾಡಿಗೆಯವಳು. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುತ್ತಾಳೆ. ನನಗೆ ಡೆಂಗ್ಯೂ ಆದಾಗ ಗಂಜಿ ಕಾಯಿಸಿ ಕೊಟ್ಟವಳು. "ಪೊಲೀಸ್ ಬರ್ತಾರೆ ಕಣೇ. ನಿಮ್ಮಪ್ಪ ಅಮ್ಮನ್ನ ಏನಾದ್ರೂ ಮಾಡಿದ್ರೆ?" ಎಂದೆ.

"ಗೊತ್ತು."

"ಮತ್ತೆ ನೀನು ನಿಜವಾಗ್ಲೂ ಹದಿನೇಳಲ್ಲ."

"ಹತ್ತೊಂಬತ್ತರವಳು ಬೇಡ ಅಂದಾಗ ಯಾರಾದ್ರೂ ಕೇಳಿದ್ರಾ ಅಕ್ಕ?" ಎಂದಳು.

ಫೋನ್ ಕೊಟ್ಟೆ. ಅವಳು ಮಕ್ಕಳ ಸಹಾಯವಾಣಿಯ ಒಂದು ಸೊನ್ನೆ ಒಂಬತ್ತು ಎಂಟು ಒತ್ತಿದಳು. ಹೆಸರು, ವಿಳಾಸ, ಮದುವೆಯ ದಿನ ಹೇಳಿದಳು. ವಯಸ್ಸು ಕೇಳಿದಾಗ ಮಾತ್ರ ಒಂದು ಕ್ಷಣ ತಡೆದು, ಹದಿನೇಳು ಎಂದಳು. ಹೇಳುವಾಗ ಕೆಂಪು ಮಸಿಯ ಕೈಯನ್ನು ಮಡಿಲಲ್ಲಿ ಮುಷ್ಟಿ ಕಟ್ಟಿದ್ದಳು.

ಶನಿವಾರ ಬೆಳಿಗ್ಗೆ ಇಬ್ಬರು ಅಧಿಕಾರಿಗಳು, ಒಬ್ಬ ಮಹಿಳಾ ಪೊಲೀಸ್ ಬಂದರು. ವಠಾರದವರೆಲ್ಲ ಹೊರಗೆ ನಿಂತರು. ಅಯ್ಯಮ್ಮ ಮೊದಲು ನಕ್ಕಳು, ತಪ್ಪು ಮನೆಗೆ ಬಂದಿದ್ದಾರೆಂದುಕೊಂಡಳು. ಆಮೇಲೆ ಎದೆ ಬಡಿದುಕೊಂಡಳು. "ಅಕಿಗಿ ಹತ್ತೊಂಬತ್ತ ತುಂಬ್ಯಾವ್ರಿ ಯಪ್ಪಾ. ಊರಿಗಿ ಹೊಳಿ ನೀರ ಬಂದ ವರ್ಷ ಹಡದೀನಿ. ಮಾಸ್ತರ ಸುಳ್ಳ ಬರ್ದಾನ್ರಿ," ಎಂದು ದೇವರ ಮೇಲೆ ಆಣೆ ಇಟ್ಟಳು. ಅಧಿಕಾರಿ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ಅವರು ಇಂಥ ಆಣೆಗಳನ್ನು ದಿನಾ ಕೇಳುವವರು. ಶಾಲೆಯ ದಾಖಲೆ ಒಂದನ್ನೇ ನೋಡುತ್ತೇವೆ ಎಂದರು.

ಅಯ್ಯಮ್ಮ ನನ್ನ ಕಡೆ ತಿರುಗಿದಳು. "ಅಕ್ಕಾರ, ನಿಮಗ ಎಲ್ಲಾ ಗೊತ್ತೈತಿ. ನೀವರ ಹೇಳ್ರಿ."

ನನಗೆ ಎಲ್ಲವೂ ಗೊತ್ತಿತ್ತು. ಆ ಹೆಂಗಸು ಹೇಳುತ್ತಿದ್ದ ಪ್ರತಿ ಅಕ್ಷರವೂ ನಿಜ, ಮತ್ತು ಅವಳನ್ನು ನಂಬುವವರು ಅಲ್ಲಿ ಒಬ್ಬರೂ ಇರಲಿಲ್ಲ. ನಾಗರತ್ನಾ ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಅಂಗಡಿಗೆ ಹೋಗಿ, ಫೈಲಿನಲ್ಲಿದ್ದ ಅವಳ ಶಾಲಾ ದಾಖಲೆಯ ಪ್ರತಿ ತೆಗೆದು ಅಧಿಕಾರಿಯ ಕೈಗೆ ಕೊಟ್ಟೆ. "ನಂಗೆ ಹದಿನೇಳು," ಎಂದಳು ನಾಗರತ್ನಾ.

ಹದಿನೆಂಟರ ತನಕ ಮದುವೆ ಮಾಡುವುದಿಲ್ಲವೆಂದು ಅವಳ ಅಪ್ಪ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿದ. ಮದುವೆ ನಿಂತಿತು. ನಾಗರತ್ನಾಳನ್ನು ಬಾಲಕಿಯರ ಬಾಲಮಂದಿರಕ್ಕೆ ಕರೆದೊಯ್ದರು, ಪರೀಕ್ಷೆಯನ್ನು ಅಲ್ಲಿಂದಲೇ ಬರೆಯುವ ಏರ್ಪಾಡಾಯಿತು. ವಾರದೊಳಗೆ ಅಯ್ಯಮ್ಮ ರೂಮ್ ಖಾಲಿ ಮಾಡಿ ಕೆ.ಆರ್. ಪುರದ ಕಡೆ ಹೋದಳು. ಕೀಲಿ ಕೊಡುವಾಗ ನನ್ನ ಮುಖ ನೋಡಲಿಲ್ಲ.

ಸಿನಿಮಾ ಐದು ವಾರ ಓಡಿತು. ಬಾಲಮಂದಿರಕ್ಕೆ ನೋಡಲು ಹೋದಾಗ ನಾನೇ ಗುಟ್ಟಾಗಿ ಹೇಳಿದೆ, ಯಾರೋ ಮೊಬೈಲಿಗೆ ಹಾಕಿಕೊಟ್ಟಿದ್ದಾರೆ, ಇಲ್ಲೇ ಮೂಲೆಯಲ್ಲಿ ತೋರಿಸಲೇ ಎಂದು. ಅವಳು ಬೇಡವೆಂದಳು. "ನಂಗಿನ್ನೂ ಹದಿನೇಳು ಅಕ್ಕ. ಜೂನ್ ಒಂದರ ತನಕ ಎಲ್ಲಾ ಕಡೆ ಹದಿನೇಳೇ ಆಗಿರ್ಬೇಕು." ಇದ್ದಿಲಿನ ಒಂದು ಚಿತ್ರಕ್ಕಾಗಿ ನನ್ನ ಟೋನರ್ ಖಾಲಿ ಮಾಡುತ್ತಿದ್ದ ಹುಡುಗಿ ಈ ಮಾತು ಆಡಿದಳು. ನಾನು ಹೊರಗೆ ಬಂದು ಆಟೋದಲ್ಲಿ ಕೂತು ಅತ್ತೆ.

ಮಾರ್ಚಿನಲ್ಲಿ ಪರೀಕ್ಷೆ ಮುಗಿದ ದಿನ ಅನುಮತಿ ಪಡೆದು ಅವಳನ್ನು ಅಂಗಡಿಗೆ ಕರೆದುಕೊಂಡು ಬರುತ್ತಿದ್ದೆ, ಅವಳ ಪುಸ್ತಕಗಳನ್ನು ಕೊಡಲೆಂದು. ಬೈಯಪ್ಪನಹಳ್ಳಿ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಕೆಳಗಿನಿಂದ ಅಯ್ಯಮ್ಮ ಹತ್ತಿ ಬರುತ್ತಿದ್ದಳು, ಕೆ.ಆರ್. ಪುರದ ಬಸ್ಸಿಳಿದು, ಕೆಲಸದ ಮನೆಗೆ ಹೊರಟ ಚೀಲ ಹಿಡಿದು. ಸೊರಗಿಹೋಗಿದ್ದಳು ಪಾಪ. ನಾಗರತ್ನಾ ನಿಂತುಬಿಟ್ಟಳು. "ಅವ್ವಾ," ಎಂದಳು.

ಅಯ್ಯಮ್ಮ ತಲೆ ಎತ್ತಿ ಮಗಳ ಮುಖವನ್ನು ಪೂರ್ತಿ ನೋಡಿದಳು. "ದಾರಿ ಬಿಡಮ್ಮ," ಎಂದು, ಪಕ್ಕಕ್ಕೆ ಸರಿದು ಮೇಲೆ ಹೋದಳು.

ನಾಗರತ್ನಾ ಕಂಬಿ ಹಿಡಿದುಕೊಂಡು ಅಲ್ಲೇ ಕೂತಳು. ಜನ ಅವಳನ್ನು ದಾಟಿಕೊಂಡು ಓಡಾಡಿದರು. ಏನೂ ತೋಚದಿದ್ದಾಗ ನಾನು ಏನಾದರೂ ಒದರುತ್ತೇನೆ. "ಏಳನೇ ಭಾಗದಲ್ಲೂ ಹಿಂಗೇ ಅಲ್ವೇನೇ," ಎಂದೆ.

"ಇಲ್ಲ ಅಕ್ಕ. ಅದರಲ್ಲಿ ತಾಯಿಗೆ ನಿಜವಾಗ್ಲೂ ಮರೆತುಹೋಗಿರುತ್ತೆ," ಎಂದಳು. "ನಮ್ಮವ್ವಂಗೆ ಮರೆತಿಲ್ಲ."