ಕ್ಲಚ್ ಇಲ್ಲದ ಕಾರು, ತಾಳ್ಯದ ಹುರುಳಿ

ನನ್ನ ಎಡಪಾದ ಚಿಕ್ಕಂದಿನಿಂದಲೂ ನನ್ನ ಮಾತು ಕೇಳುವುದಿಲ್ಲ. ನಡೆಯುತ್ತದೆ, ಮೆಟ್ಟಿಲು ಹತ್ತುತ್ತದೆ, ಆದರೆ ಒತ್ತು ಅಂದರೆ ಒತ್ತುವುದಿಲ್ಲ. ಹೀಗಾಗಿ ಕಾರಿನ ಕ್ಲಚ್ಚಿಗೂ ನನಗೂ ಋಣವಿಲ್ಲ ಎಂದು ಮನೆಯವರೆಲ್ಲ ಸೇರಿ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ.

ಹೊಳಲ್ಕೆರೆಯಲ್ಲಿ ನನ್ನದು ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿಯ ವ್ಯಾಪಾರ. ಚಿತ್ರದುರ್ಗ, ಹೊಸದುರ್ಗ, ಹಿರಿಯೂರಿನ ಅಂಗಡಿಗಳಿಗೆ ಮಾಲು ಹೋಗಬೇಕು. ಒಯ್ಯುವವನು ನಮ್ಮಣ್ಣ. ಅವನದು ನಾಲ್ಕು ಚಕ್ರದ ಲಗೇಜ್ ಆಟೊ. ಬಾಡಿಗೆ ಇಲ್ಲದ ದಿನ ನನ್ನ ಸರದಿ. ಅಣ್ಣ ಒಳ್ಳೆಯವನೇ, ಒಂದು ದಿನವೂ ಮುಖ ಸಿಂಡರಿಸಿದವನಲ್ಲ. ಆದರೆ ಒಳ್ಳೆಯವರ ಪುರುಸೊತ್ತಿಗೆ ಕಾಯುವುದೂ ಕಾಯುವುದೇ. ರೊಟ್ಟಿ ಕಟ್ಟಿಟ್ಟುಕೊಂಡು ಬಾಗಿಲಲ್ಲಿ ಕೂತು ಅವನ ಹಾರ್ನ್ ಕೇಳಿಸುತ್ತದಾ ಎಂದು ಕಿವಿ ನಿಮಿರಿಸಿ ಎಷ್ಟು ಬೆಳಗುಗಳನ್ನು ಕಳೆದೆನೋ. ಹೋಗಬೇಕು ಅನ್ನಿಸಿದಾಗ ಎದ್ದು ಹೋಗಬೇಕು, ಅಷ್ಟೇ ನನ್ನ ಆಸೆ. ಹೊರಗಿನವರಿಗೆ ಇದು ಸಣ್ಣದಾಗಿ ಕಾಣಬಹುದು. ನನಗೆ ಇದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ.

ಕ್ಲಚ್ಚೇ ಇಲ್ಲದ ಕಾರು ಬಂದಿದೆ, ಗೇರನ್ನು ತಾನೇ ಹಾಕಿಕೊಳ್ಳುತ್ತದೆ, ಬಲಗಾಲು ಒಂದಿದ್ದರೆ ಸಾಕು ಎಂದು ತಿಳಿದ ದಿನ ನಾನು ಅಣ್ಣನ ಬೆನ್ನು ಬಿದ್ದೆ. ಅವನು ನಂಬಲಿಲ್ಲ. "ಗಾಡಿ ಅಂದ್ರೆ ಕೈಯಾಗೆ ಗೇರ್ ಇರ್ಬೇಕು ಕಣಮ್ಮ. ಇಲ್ದಿದ್ರೆ ಅದು ನಮ್ಮ ಮಾತು ಕೇಳಲ್ಲ" ಅಂದ. ಆದರೂ ಚಿತ್ರದುರ್ಗದ ಷೋರೂಮಿಗೆ ಕರೆದುಕೊಂಡು ಹೋದ.

ಓಡಿಸಿ ನೋಡಲು ಮೊದಲು ಕೂತವನು ಅವನೇ. ಹಿಂದಿನ ಸೀಟಿನಲ್ಲಿ ನಾನು, ಪಕ್ಕದಲ್ಲಿ ಷೋರೂಮಿನವರು. ಗಾಡಿ ಸ್ವಲ್ಪ ವೇಗ ಹಿಡಿಯಿತೋ ಇಲ್ಲವೋ, ಅಭ್ಯಾಸಬಲದಿಂದ ಅಣ್ಣ ಎಡಗಾಲನ್ನು ಕ್ಲಚ್ಚಿನ ಮೇಲೆ ಹಾಕಿದ. ಅಲ್ಲಿ ಕ್ಲಚ್ ಎಲ್ಲಿತ್ತು? ಇದ್ದದ್ದು ಬ್ರೇಕು. ನನ್ನ ಹಣೆ ಮುಂದಿನ ಸೀಟಿಗೆ ಹೊಡೆಯಿತು. ಹಿಂದಿನ ಬೈಕಿನವನು ಕೊಟ್ಟ ಆಶೀರ್ವಾದವನ್ನು ಇಲ್ಲಿ ಬರೆಯುವಂತಿಲ್ಲ. ಸ್ವಲ್ಪ ಮುಂದೆ ಹೋಗಿ ಅಣ್ಣ ಮತ್ತೆ ಅದನ್ನೇ ಮಾಡಿದ. ಇಳಿದ ಮೇಲೆ "ಇದೇನಮ್ಮ, ಕಾರಾ ಎಮ್ಮೆನಾ? ತುಳುದ್ರೂ ಯೋಚ್ನೆ ಮಾಡಿ ಹೊರಡ್ತೈತೆ. ಪಿಕಪ್ಪೇ ಇಲ್ಲ" ಎಂದು ಗೊಣಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವನೆದುರು ಅನ್ನಲಿಲ್ಲ, ಹಣೆ ಉಜ್ಜಿಕೊಂಡೆ.

ಷೋರೂಮಿನವರು ಆಗ ತಿಳಿಸಿ ಹೇಳಿದ್ದು ನನಗೆ ಈಗಲೂ ನೆನಪಿದೆ. ಹಳೆಯ ಗಾಡಿಗಳಲ್ಲಿ ಆಕ್ಸಿಲರೇಟರ್ ಪೆಡಲಿನಿಂದ ಇಂಜಿನ್ನಿಗೆ ನೇರ ಕೇಬಲ್ ಇರುತ್ತಿತ್ತು, ತುಳಿದಷ್ಟು ಎಳೆಯುತ್ತಿತ್ತು. ಈಗ ಕಾಲು ಕೊಡುವುದು ಬರೀ ಅರ್ಜಿ. ಎಷ್ಟು ಮಂಜೂರು ಮಾಡಬೇಕು ಎಂದು ಒಳಗಿನ ಕಂಪ್ಯೂಟರು ನೋಡುತ್ತದೆ. ಪೆಡಲನ್ನು ಮೆಲ್ಲಗೆ ಒತ್ತಿದಾಗ ಬೇಕೆಂದೇ ಕಡಿಮೆ ಕೊಡುತ್ತದೆ. ಗೇರನ್ನು ಬೇಗ ಬೇಗ ಮೇಲಕ್ಕೆ ಹಾಕಿ ಪೆಟ್ರೋಲ್ ಉಳಿಸುತ್ತದೆ. ಪೂರ್ತಿ ತುಳಿದರೆ ಮಾತ್ರ ಕೆಳಗಿನ ಗೇರಿಗೆ ಇಳಿದು ಎದ್ದು ಓಡುತ್ತದೆ. ಸಂತೆ ರಸ್ತೆಯಲ್ಲಿ, ಹಂಪಿನ ಮೇಲೆ, ಹೊಸಬರ ಕಾಲು ಸ್ವಲ್ಪ ಹೆಚ್ಚುಕಮ್ಮಿ ಬಿದ್ದರೂ ಗಾಡಿ ನೆಗೆಯಬಾರದು ಎಂದೇ ಈ ಏರ್ಪಾಡು ಎಂದರು.

ನನ್ನ ಕಣ್ಣಲ್ಲಿ ನೀರು ಬಂತು. ಹಣೆಯ ನೋವಿಗೆ ಎಂದು ಅಣ್ಣ ತಿಳಿದ. ಹುಟ್ಟಿದಾಗಿನಿಂದ ನನ್ನ ಕಾಲಿಗೆ ತಕ್ಕಂತೆ ನಾನೇ ಬಗ್ಗಿದ್ದೆ; ಬಸ್ಸಿನ ಮೆಟ್ಟಿಲು ಬಗ್ಗಲಿಲ್ಲ, ಸ್ಕೂಲಿನ ಆಟ ಬಗ್ಗಲಿಲ್ಲ. ಯಾವುದೋ ಊರಿನಲ್ಲಿ ಕೂತು ಯಾರೋ ಪುಣ್ಯಾತ್ಮರು ಅಂಜುವ ಕಾಲು, ಕಲಿಯುವ ಕಾಲು, ಮುದಿ ಕಾಲುಗಳನ್ನೆಲ್ಲ ನೆನೆದು ಒಂದು ಪೆಡಲನ್ನು ಮೆತ್ತಗೆ ಮಾಡಿದ್ದಾರೆ. ಅವರ ಹೊಟ್ಟೆ ತಣ್ಣಗಿರಲಿ.

ಅದೇ ಕಾರನ್ನು ಕೊಂಡೆ. ಡಾಕ್ಟರ ಚೀಟಿ, ಆರ್‌ಟಿಒ ಪರೀಕ್ಷೆ ಮುಗಿಸಿ ಲೈಸೆನ್ಸ್ ತೆಗೆದುಕೊಂಡೆ. ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಕಾರು ಒಮ್ಮೆ ತಲೆದೂಗುತ್ತದೆ. ಆ ಗಳಿಗೆಗೆ ಕಾಲನ್ನು ಚೂರು ಸಡಿಲಿಸಿದರೆ ತೂಗುವುದಿಲ್ಲ ಎಂದು ಓಡಿಸುತ್ತ ಓಡಿಸುತ್ತ ಗೊತ್ತಾಯಿತು. ರೊಟ್ಟಿ ತಟ್ಟುವವಳಿಗೆ ಕೈ ಯಾವಾಗ ಹಗುರಾಗಬೇಕು ಎನ್ನುವುದು ತಿಳಿದಿರುತ್ತದೆ. ಕಾಲಿಗೂ ಅದನ್ನೇ ಕಲಿಸಿದೆ. ಆದರೂ ಊರು ದಾಟಿ ಒಬ್ಬಳೇ ಹೋಗಲು ಅಣ್ಣ ಬಿಡಲಿಲ್ಲ. "ಒಂದ್ಸಾರಿ ನಾನು ಪಕ್ಕದಾಗೆ ಕುಂತು ನೋಡ್ತೀನಿ. ಆಮೇಲೆ ಹೇಳ್ತೀನಿ" ಅಂದ.

ಹಾಗೆ ನೋಡಲು ಅವನು ಬಂದದ್ದು ತಾಳ್ಯದ ಕಡೆಗೆ, ಶೇಂಗಾ ತರಲು ಹೋದ ದಿನ. ಹೋಗುವಾಗ ದಾರಿಯುದ್ದಕ್ಕೂ ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ತುಳಿಯುತ್ತಲೇ ಇತ್ತು. ಬರುವಾಗ ಒಂದು ಹಳ್ಳಿಯ ಹತ್ತಿರ ರಸ್ತೆ ತುಂಬ ಹುರುಳಿ ಹರಡಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ಹಾದುಹೋಗುವ ಗಾಡಿಗಳೇ ಒಕ್ಕಬೇಕು. ಅದರ ಮೇಲೆ ಗಾಡಿ ಜಾರುತ್ತದೆ, ನಿಲ್ಲಿಸದೆ ಹಾಯಬೇಕು ಎನ್ನುವುದು ಎಲ್ಲರಿಗೂ ಗೊತ್ತು. ನಾನು ನಡುವೆ ಇರುವಾಗಲೇ ಎದುರಿನಿಂದ ಕುರಿಮಂದೆ ಬಂತು. ಅಲ್ಲಿ ಸ್ವಲ್ಪ ಏರು ಬೇರೆ.

"ನಿಲ್ಲಿಸ್ಬ್ಯಾಡಮ್ಮ! ನಿಂತ್ರೆ ಚಕ್ರ ಅಲ್ಲೇ ತಿರುಗ್ತಾವೆ!" ಅಣ್ಣ ಕೂಗಿದ.

ಕುರಿಗಳ ಮೇಲೆ ಹೋಗಲಾದೀತೇ? ಮೆಲ್ಲಗೆ ನಿಲ್ಲಿಸಿದೆ. ಮಂದೆ ಎರಡೂ ಕಡೆಯಿಂದ ಕಾರನ್ನು ಸವರಿಕೊಂಡು ಹೋಯಿತು. ಇಲ್ಲಿ ಸಿಕ್ಕಿಬಿದ್ದರೆ ನನ್ನ ಒಂಟಿ ಓಡಾಟ ಇಲ್ಲಿಗೇ ಮುಗಿಯಿತು ಎಂದುಕೊಂಡೆ. "ರೇಸ್ ಕೊಡು, ಜೋರಾಗಿ ಕೊಡು!" ಎಂದು ಅಣ್ಣ ಕೈಬೀಸಿದ. ನಾನು ಕೊಡಲಿಲ್ಲ. ಬ್ರೇಕಿನಿಂದ ಕಾಲು ಸಡಿಲಿಸಿದೆ, ಅಷ್ಟೇ. ಗಾಡಿ ಹಿಂದಕ್ಕೆ ಜಾರದೆ ಒಂದು ಕ್ಷಣ ತಡೆದು ನಿಂತು, ಆಮೇಲೆ ತಾನಾಗಿ ತೆವಳಿತು. ಚಕ್ರ ಒಂದು ಸಲವೂ ಬರಿದೇ ತಿರುಗಲಿಲ್ಲ. ಹುರುಳಿ ಚಟಪಟ ಒಡೆಯುತ್ತ ದಾಟಿಬಿಟ್ಟೆವು.

ಹುರುಳಿ ಹರಡಿದ್ದ ಹೆಂಗಸು ಓಡಿ ಬಂದಳು. ಬೈಯುತ್ತಾಳೆ ಎಂದುಕೊಂಡು ಗಾಜು ಇಳಿಸಿದೆ.

"ಅಕ್ಕಾ, ಭಾಳ ಚೆನ್ನಾಗಿ ನಡಿತೈತ್ರಿ ಇದು! ಬ್ಯಾರೆಯೋರು ಬುರ್ ಅಂತ ಹೋಗಿ ಕಾಳೆಲ್ಲ ಹಾರಿಸ್ತಾರೆ. ಇನ್ನೊಂದೆರಡು ಸಾರಿ ಹಾಯಿಸ್ರಲ್ಲ."

ಹಾಯಿಸಿದೆ. ಹಿಂದಕ್ಕೆ, ಮುಂದಕ್ಕೆ, ಪೆಡಲ್ ಮುಟ್ಟದೆ, ನಡಿಗೆಯ ವೇಗದಲ್ಲಿ. ಅಣ್ಣ ಇಳಿದು ಕೋಲು ಹಿಡಿದು ಹುರುಳಿ ತಿರುವಿ ಹಾಕಿದ. ಹೊರಡುವಾಗ ಆಕೆ ಒಂದು ಮೊರ ಹುರುಳಿ ಚೀಲಕ್ಕೆ ಸುರಿದಳು. ಬೇಡ ಅನ್ನುವಷ್ಟು ದೊಡ್ಡವರು ನಾವಿಬ್ಬರೂ ಅಲ್ಲ.

ಮತ್ತೆ ಹೊರಟ ಮೇಲೆ ಅಣ್ಣ ಏನಾದರೂ ಹೇಳುತ್ತಾನೆ ಎಂದು ಕಾದೆ. ಹೌದು ಅಂತಾನೋ, ಬೇಡ ಅಂತಾನೋ. ತಿರುಗಿ ನೋಡಿದರೆ ನಿದ್ದೆ ಹೋಗಿದ್ದ. ಬಾಯಿ ತೆರೆದುಕೊಂಡು, ಎರಡೂ ಕಾಲು ಚಾಚಿ. ಇಷ್ಟು ವರ್ಷದಲ್ಲಿ ಬೇರೆಯವರು ಓಡಿಸುವ ಗಾಡಿಯಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಮದುವೆಗೆ ಹೋಗುವ ಬಸ್ಸಿನಲ್ಲೂ ಡ್ರೈವರನ ಹಿಂದೆ ಕೂತು ರಸ್ತೆ ನೋಡುವವನು.

ಮನೆ ಬಂತು. ಎಬ್ಬಿಸಲು ಮನಸ್ಸು ಬರಲಿಲ್ಲ. ನಿಲ್ಲಿಸದೆ ಹೊಸದುರ್ಗದ ರಸ್ತೆಗೆ ತಿರುಗಿಸಿ ಇನ್ನಷ್ಟು ದೂರ ಓಡಿಸಿದೆ.