ಕೊನೆಯ ದೋಣಿ ಮುಟ್ಟುವ ತನಕ

ನನ್ನ ಸೋದರಮಾವ ಆನೆಗೊಂದಿಯಲ್ಲಿ ಹರಿಗೋಲು ಹಾಕುತ್ತಿದ್ದ. ನಾನು ಗಂಗಾವತಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಇಬ್ಬರೂ ಸಮುದ್ರ ಕಂಡವರಲ್ಲ. ಆದರೂ ಅವನ ಕೊನೆಯ ಚಳಿಗಾಲದಲ್ಲಿ ನಾವು ಆಡಿದ ಮಾತೆಲ್ಲ ಸಮುದ್ರದ್ದೇ.

ಹಾಯಿದೋಣಿಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, ಯಾರ ನೆರವೂ ಪಡೆಯದೆ ಭೂಮಿ ಸುತ್ತಿ ಬರುವ ಪಂದ್ಯವೊಂದಿದೆ. ಹಿಂದೆ ಡೆಸ್ಕಿನಲ್ಲಿದ್ದಾಗ ಅದರ ಬಗ್ಗೆ ಬಂದ ಎರಡು ಸಾಲಿನ ಸುದ್ದಿಯನ್ನು ತಿದ್ದಿ ಪುಟಕ್ಕೆ ಕಳಿಸಿದ್ದೆ. ಅಂದಿನಿಂದ ಹಿಂಬಾಲಿಸುತ್ತಿದ್ದೇನೆ. ಮೊಬೈಲಿನ ನಕಾಶೆಯಲ್ಲಿ ಒಂದೊಂದು ದೋಣಿಗೆ ಒಂದೊಂದು ಬಣ್ಣದ ಚುಕ್ಕೆ. ಕೆಲವು ತಾಸಿಗೊಮ್ಮೆ ಚುಕ್ಕೆಗಳು ತುಸು ಸರಿಯುತ್ತವೆ. ಕೊಪ್ಪಳದ ಸಭೆಗಳಲ್ಲಿ, ಕುಷ್ಟಗಿ ಯಲಬುರ್ಗಾದ ಬಸ್ಸಿನಲ್ಲಿ ನಾನು ನೋಡುತ್ತಿದ್ದದ್ದು ಅದನ್ನೇ.

ಮಾವನ ಹೃದಯ ಸೋತಿತ್ತು. ಇನ್ನು ಮನೆಯಲ್ಲೇ ಇರಲಿ ಎಂದು ಡಾಕ್ಟರು ಕಳಿಸಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅತ್ತೆ ಅವನನ್ನು ಪಡಸಾಲೆಯಲ್ಲಿ ದಿಂಬಿಗೆ ಒರಗಿಸಿ ಕೂರಿಸುತ್ತಿದ್ದಳು. ಅಲ್ಲಿಂದ ಹೊಳೆ ಕಾಣುತ್ತಿತ್ತು. ದಂಡೆಯ ಬಂಡೆಯ ಪಕ್ಕ ಬೋರಲು ಹಾಕಿದ್ದ ಅವನ ಹರಿಗೋಲೂ ಕಾಣುತ್ತಿತ್ತು.

ಹೊತ್ತು ಕಳೆಯಲೆಂದು ಅವನಿಗೆ ಒಂದು ವಿಡಿಯೊ ತೋರಿಸಿದೆ. ಈಗಿನ ದೋಣಿಗಳಿಗೆ ಎರಡೂ ಬದಿಯಲ್ಲಿ ಕಾರ್ಬನ್ನಿನ ಬಾಗಿದ ರೆಕ್ಕೆಗಳಿರುತ್ತವೆ; ಅವನ್ನು ಫಾಯಿಲ್ ಎನ್ನುತ್ತಾರೆ. ವೇಗ ಬಂದಾಗ ನೀರೊಳಗಿನ ರೆಕ್ಕೆ ದೋಣಿಯ ಒಡಲನ್ನೇ ಮೇಲಕ್ಕೆತ್ತುತ್ತದೆ. ಒಡಲು ನೀರನ್ನು ಉಜ್ಜುವುದು ತಪ್ಪಿ ದೋಣಿ ಹಾರಿದಂತೆ ಓಡುತ್ತದೆ. ಮಾವ ಎರಡು ಸಲ ನೋಡಿದ.

“ಇದು ದೋಣಿ ಅಲ್ಲೋ ಅಳಿಯಾ. ಗದ್ದ್ಯಾಗ ಯಾರೋ ಕಲ್ಲು ಒಗದಾರ, ಬೆಳ್ಳಕ್ಕಿ ಎದ್ದೈತಿ.”

“ಭಾಳ ಜೋರು ಹೋಗತಾವ ಮಾವ.”

“ಹೋಗ್ಲಿ. ಹಂಗ ಹೋಗೂವಾಗ ಒಂದು ಬೊಡ್ಡಿ ಅಡ್ಡ ಬಂದ್ರ?”

ಆ ನಾವಿಕರ ದೊಡ್ಡ ಭಯವೂ ಅದೇ. ಆ ವೇಗದಲ್ಲಿ ತೇಲುವ ಮರವೊಂದು ತಾಗಿದರೂ ರೆಕ್ಕೆ ಮುರಿಯುತ್ತದೆ. ಮಾವ ಅದನ್ನು ಯಾರಿಂದಲೂ ಕೇಳಿರಲಿಲ್ಲ.

ರೆಕ್ಕೆಯ ದೋಣಿಯೊಂದು ಮೊದಲು ಗುರಿ ಮುಟ್ಟಿತು. ಮರುದಿನ ಹೋಗಿ, ಪಂದ್ಯ ಮುಗಿಯಿತು ಎಂದೆ.

“ಎಲ್ಲಾರೂ ದಂಡಿಗಿ ಬಂದ್ರೇನು?”

ಗೆದ್ದವನು ಬಂದರೆ ಸುದ್ದಿ ಮುಗಿಯಿತೆಂಬುದು ನಮ್ಮ ಕಸುಬಿನ ಅಭ್ಯಾಸ. ನಕಾಶೆ ತೆರೆದೆ. ಅರ್ಧದಷ್ಟು ಚುಕ್ಕೆಗಳು ಇನ್ನೂ ನೀರಿನ ಮೇಲಿದ್ದವು. ಎಲ್ಲಕ್ಕಿಂತ ಹಿಂದೆ ಒಬ್ಬ ಹೆಂಗಸು, ರೆಕ್ಕೆಯಿಲ್ಲದ ಹಳೆಯ ದೋಣಿಯಲ್ಲಿ. ಮಾವನಿಗೆ ಅದನ್ನೇ ಹೇಳಿದೆ.

ಹೊಳೆಯಲ್ಲಿ ಅವನ ಕಾಲದ ಒಂದು ಕಟ್ಟಳೆ ಇತ್ತು. ಸಂಜೆ ಕಡೆಯ ಹರಿಗೋಲು ದಂಡೆ ಮುಟ್ಟುವ ತನಕ ಮೊದಲು ಬಂದವರು ಯಾರೂ ತಮ್ಮದನ್ನು ಬೋರಲು ಹಾಕುತ್ತಿರಲಿಲ್ಲ. ನೀರಿನಲ್ಲಿದ್ದವನಿಗೆ ಏನಾದರೂ ಆದರೆ ಕೂಡಲೇ ಇಳಿಯಬೇಕಲ್ಲ. ಬೀಡಿ ಸೇದುತ್ತ ಕಾಯುತ್ತಿದ್ದರು. ಕಡೆಯವನು ಬಂದ ಮೇಲೆ ಎಲ್ಲರೂ ಒಟ್ಟಿಗೆ ಬೋರಲು ಹಾಕಿ ಮನೆಗೆ ಹೋಗುತ್ತಿದ್ದರು.

“ಹಂಗಾದ್ರ ನಂದು ಬೋರಲ ಯಾಕ ಬಿದ್ದೈತಿ? ತಿರುವಿ ಹಾಕ್ರಿ,” ಎಂದ ಮಾವ.

ಅತ್ತೆ ಅಡಿಗೆಮನೆಯಿಂದಲೇ ಕೂಗಿದಳು. “ಯಾವ ದೇಶದಾಕಿನೋ ಏನೋ! ನಾ ಹೊಳಿ ದಾಟಿ ಮಾರ್ಕೆಟ್ಟಿಗಿ ಹೋಗಿ ಹೊತ್ತಾದ್ರ ಒಂದಿನಾನೂ ಕಾದಿಲ್ಲ, ಆಕಿಗಿ ಹರಿಗೋಲು ತಯಾರು!”

“ನೀ ಈಜು ಬರೂವಾಕಿ,” ಎಂದ ಮಾವ. ಅತ್ತೆ ನಕ್ಕಳು. ನಾನೂ ಪಕ್ಕದ ಮನೆಯವನೂ ಸೇರಿ ಹರಿಗೋಲನ್ನು ತಿರುವಿ ಹಾಕಿದೆವು.

ಅಲ್ಲಿಂದ ಮುಂದೆ ಅವನು ಕೇಳಿದ್ದು ಒಂದೇ: “ಮುಟ್ಟ್ಯಾಳೇನು?” ಉಳಿದವರು ಒಬ್ಬೊಬ್ಬರಾಗಿ ಬಂದರು. ಅವಳು ಬರಲಿಲ್ಲ. ಹಾಯಿ ಹರಿದಿತ್ತು, ತಾನೇ ಹೊಲಿದುಕೊಂಡಳು ಎಂದು ಓದಿ ಹೇಳಿದೆ. ಗಡುವು ಮೀರಿದರೆ ಗುರಿಯ ಗೆರೆ ಮುಚ್ಚುತ್ತಾರೆ, ಪಟ್ಟಿಯಲ್ಲಿ ಅವಳ ಹೆಸರಿರುವುದಿಲ್ಲ ಎಂದೂ ಹೇಳಿದೆ.

“ಗೆರಿ ಮುಚ್ಚಲಿ. ದಂಡಿ ಮುಚ್ಚತಾರೇನು?”

ಶಿವರಾತ್ರಿ ಕಳೆದು ಬಿಸಿಲು ಏರಿತು. ಗೆರೆ ಮುಚ್ಚಿದರು. ಮಾವನ ಕಾಲು ಊದಿಕೊಂಡವು. ಊಟ ನಿಂತಿತು. ಒಂದು ಬೆಳಿಗ್ಗೆ ಅತ್ತೆ ಫೋನು ಮಾಡಿ ಬಾ ಎಂದಷ್ಟೇ ಹೇಳಿದಳು. ಹೋದಾಗ ಅವನು ಕಣ್ಣು ತೆರೆದಿದ್ದ. ಒಂದೊಂದು ಉಸಿರನ್ನೂ ಎಳೆದು ತರುತ್ತಿದ್ದ.

“ಮುಟ್ಟ್ಯಾಳೇನು?”

ಚುಕ್ಕೆ ಗುರಿಗೆ ಒಂದೆರಡು ದಿನದ ದೂರದಲ್ಲಿತ್ತು. ಗಾಳಿ ಒಳ್ಳೆಯದಿತ್ತು. ಖಚಿತವಾಗದ ಸಂಗತಿಯನ್ನು ಆಗಿದೆಯೆಂದು ನಾನು ಎಂದೂ ಬರೆದವನಲ್ಲ. ಅತ್ತೆ ನನ್ನ ಮುಖ ನೋಡುತ್ತಿದ್ದಳು.

“ಮುಟ್ಟ್ಯಾಳ ಮಾವ. ಈಗ ಮುಟ್ಟಿದ್ಳು.”

“ಛಲೋ ಆತು,” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಬೋರಲ ಹಾಕ್ರಿ,” ಎಂದ.

ನಾನೂ ಪಕ್ಕದ ಮನೆಯವನೂ ಹೋಗಿ ಬೋರಲು ಹಾಕಿದೆವು. ಅವನು ಅದನ್ನು ಪಡಸಾಲೆಯಿಂದ ನೋಡಿದ. ಮಧ್ಯಾಹ್ನ ಉಸಿರು ನಿಂತಿತು. ಸಂಜೆಯೊಳಗೆ ಮಣ್ಣು ಮಾಡಿದೆವು.

ಮರುದಿನ ಚುಕ್ಕೆ ಸರಿಯಲಿಲ್ಲ. ಅದರ ಮರುದಿನ ಸುದ್ದಿ ಬಂತು. ಬಿರುಗಾಳಿಗೆ ಅವಳ ಹಾಯಿಯ ಕಂಬ ಮುರಿದು ಬಿದ್ದಿತ್ತು. ಬದುಕಿದ್ದಳು. ಮುರಿದ ತುಂಡನ್ನೇ ನಿಲ್ಲಿಸಿ ಸಣ್ಣ ಹಾಯಿ ಕಟ್ಟಿಕೊಂಡಿದ್ದಳು. ಯಾವಾಗ ಮುಟ್ಟುತ್ತಾಳೆ, ಮುಟ್ಟುತ್ತಾಳೋ ಇಲ್ಲವೋ, ಹೇಳಬಲ್ಲವರಿರಲಿಲ್ಲ.

ನನ್ನ ವರದಿಗಳಲ್ಲಿ ತಪ್ಪುಗಳಾಗಿವೆ. ಮಾರನೆಯ ದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕಿದ್ದೇವೆ, ಓದಿದವರು ಓದಿಕೊಂಡಿದ್ದಾರೆ. ಈ ತಪ್ಪನ್ನು ಕೇಳಿದವನು ಒಬ್ಬನೇ. ನಾನು ಹಾಗೆ ಹೇಳದೆ ಇದ್ದಿದ್ದರೆ ಅವನು ಇನ್ನೊಂದು ದಿನ ಉಸಿರು ಹಿಡಿದು ಕಾಯುತ್ತಿದ್ದನೋ, ಅಥವಾ ಕಾಯುವ ಸಂಕಟದಲ್ಲೇ ಹೋಗುತ್ತಿದ್ದನೋ, ನನಗೆ ಗೊತ್ತಿಲ್ಲ. ಅವನು ಎಂದೂ ಮುರಿಯದ ಕಟ್ಟಳೆಯನ್ನು ಕೊನೆಯ ದಿನ ನಾನು ಅವನ ಕೈಯಿಂದ ಮುರಿಸಿದೆ. ಅಷ್ಟು ಗೊತ್ತು.

ಮೂರನೆಯ ದಿನದ ಕಾರ್ಯ ಮುಗಿಸಿ ನೆಂಟರು ಊಟಕ್ಕೆ ಕೂತಾಗ ನಾನು ಹೊಳೆಗೆ ಇಳಿದೆ. ಹರಿಗೋಲಿನ ಅಂಚಿಗೆ ಕೈ ಹಾಕಿ ಎತ್ತಿದೆ. ಒಬ್ಬನಿಗೆ ಭಾರವಾಯಿತು. ಎರಡನೆಯ ಸಲಕ್ಕೆ ತಿರುಗಿತು. ಹಿಂದೆ ಅತ್ತೆ ಬಂದು ನಿಂತಿದ್ದಳು.

“ಮುಟ್ಟಿಲ್ಲೇನು ಆಕಿ?”

“ಇಲ್ಲತ್ತಿ. ಇನ್ನೂ ನೀರಾಗ ಅದಾಳ.”

ಬೈಯುತ್ತಾಳೆಂದುಕೊಂಡೆ. ಅವಳು ಮನೆಗೆ ಹೋದಳು. ಮಾವನ ಹುಟ್ಟನ್ನು ತಂದು ಹರಿಗೋಲಿನೊಳಗೆ ಇಟ್ಟಳು. ಆಮೇಲೆ ಬಂಡೆಯ ಮೇಲೆ ನನ್ನ ಪಕ್ಕ ಕೂತಳು.