ಕಂಬಳಿ ಹೊದ್ದ ರೆಕಾರ್ಡ್ ಪ್ಲೇಯರ್

ರಿಪೇರಿಗೆ ಬಂದ ಯಾವ ಮೈಕ್ ಸೆಟ್ ಬಿಚ್ಚುವ ಮುನ್ನವೂ ನನ್ನ ಸೋದರತ್ತೆ ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಹಳೇ ಸೀರೆಯ ಅಂಚಿನಿಂದ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಬಳೆ ಸದ್ದು ಮಾಡಿದರೆ ಸೆಟ್ಟಿನೊಳಗಿನ ಸಣ್ಣ ಗೊರಗೊರ ಕೇಳಿಸುವುದಿಲ್ಲ ಎನ್ನುವುದು ಅವಳ ವಾದ. ಬಲ ಹೆಬ್ಬೆರಳಿನ ಮೇಲೆ ಬೆಸುಗೆ ಕಡ್ಡಿ ಸುಟ್ಟ ಕಲೆಯೊಂದಿತ್ತು. ಅದನ್ನು ಬಂದವರಿಗೆಲ್ಲ ಎತ್ತಿ ತೋರಿಸುತ್ತಿದ್ದಳು.

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಮೈಕ್‌ಸೆಟ್ ಅಂಗಡಿಯ ಬೋರ್ಡಿನ ಮೇಲಿದ್ದದ್ದು ಅವಳ ಗಂಡನ, ಅಂದರೆ ನನ್ನ ಮಾವನ ಹೆಸರು. ಮದುವೆಮನೆಗಳಿಗೆ ಸಾಮಾನು ಸಾಗಿಸುವವನೂ ಅವನೇ. ಹಾಗಾಗಿ ರಿಪೇರಿಯೂ ಅವನದೇ ಎಂದು ಜನ ನಂಬಿದ್ದರು. "ಅಲ್ಲ ಕಣ್ರೀ, ನಾನೇ ಮಾಡೋದು" ಎಂದು ಅತ್ತೆ ಎದೆ ಸೆಟೆಸಿ ಹೇಳಿದರೆ ನಕ್ಕುಬಿಡುತ್ತಿದ್ದರು. ಅವಳಿಗೆ ಅದೊಂದೇ ಕೊರಗು.

ಅಂಗಡಿಗೆ ಕಳೆ ತಂದದ್ದು ಒಂದು ಹಳೇ ಆಟೊಮ್ಯಾಟಿಕ್ ರೆಕಾರ್ಡ್ ಪ್ಲೇಯರ್. ಹಾಡಿನ ಪ್ಲೇಟು ಮುಗಿದ ಕೂಡಲೇ ಮುಳ್ಳಿನ ತೋಳು ತಾನಾಗಿ ಎದ್ದು ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಒಳಗೊಂದು ಪುಟ್ಟ ಬಲ್ಬು, ಅದರ ಬೆಳಕು ನೋಡುವ ಒಂದು ಕಣ್ಣು. ಅಲ್ಲಿಯವರೆಗೆ ಮರೆಯಾಗಿದ್ದ ಬೆಳಕು ತೋಳು ಕೊನೆ ಮುಟ್ಟಿದಾಗ ಆ ಕಣ್ಣಿಗೆ ಬೀಳುತ್ತಿತ್ತು; ಬಿದ್ದರೆ ಹಾಡು ಮುಗಿಯಿತೆಂದು ಅರ್ಥ. ಕ್ಯಾಸೆಟ್ಟು ಬಂದು ಎಷ್ಟೋ ಕಾಲವಾಗಿದ್ದರೂ ಅತ್ತೆ ಅದನ್ನು ಮೂಲೆಗೆ ತಳ್ಳಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಸರಗೂರಿನ ಪಕ್ಕದ ನಮ್ಮೂರಿನಲ್ಲಿ ನನ್ನ ಮದುವೆ. ನಸುಕಿನಿಂದ ಆ ಪ್ಲೇಯರಿನ ಹಾಡು ಚೆನ್ನಾಗಿಯೇ ಬರುತ್ತಿತ್ತು. ಬಿಸಿಲೇರಿದ್ದೇ ತಡ, ಅರ್ಧ ಹಾಡಿಗೇ ತೋಳು ಎದ್ದು ವಾಪಸು ಹೋಯಿತು. ಮತ್ತೆ ಹಾಕಿದರೂ ಅದೇ ಕಥೆ. ನಮ್ಮ ಕಡೆ ಮದುವೆಮನೆಯಲ್ಲಿ ಹಾಡು ನಡುವೆ ನಿಂತರೆ ಒಳ್ಳೆಯದಲ್ಲ ಎನ್ನುತ್ತಾರೆ. ಗಂಡಿನ ಕಡೆಯ ಹಿರಿಯರೊಬ್ಬರು ಹೆಗಲ ಕಂಬಳಿ ಸರಿಮಾಡಿಕೊಂಡು, "ಇದ್ಯಾಕೋ ಸರಿ ಕಾಣಕಿಲ್ಲ. ಕ್ವಾಟೆ ಪ್ಯಾಟೆಯಿಂದ ಬೇರೆ ಸೆಟ್ ತರ್ಸಿ" ಎಂದುಬಿಟ್ಟರು. ಮಾವ ಬೆವರುತ್ತ ನಿಂತ. ಆ ಸೆಟ್ ಬಂದಿದ್ದರೆ ಅತ್ತೆಯ ಅಂಗಡಿಯ ಹೆಸರು ಅಂದೇ ಮಣ್ಣುಪಾಲು.

ಸೋದರತ್ತೆಯಾಗಿ ಕಳಸ ಹಿಡಿದು ನಿಂತಿದ್ದವಳು ಅವಳೇ. ಕಳಸವನ್ನು ನನ್ನ ಅವ್ವನ ಕೈಗೆ ಕೊಟ್ಟು, ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಬಳೆಗಳಿಗೆ ಕರವಸ್ತ್ರ ಸುತ್ತಿಕೊಂಡು ಪ್ಲೇಯರಿನ ಮುಂದೆ ಕೂತಳು. ಚಪ್ಪರವೆಲ್ಲ ಅವಳನ್ನೇ ನೋಡುತ್ತಿತ್ತು. ಪ್ಲೇಟು ಬದಲಿಸಿದಳು, ವೈರು ಅಲುಗಿಸಿದಳು. ತೋಳು ಮತ್ತೆ ಎದ್ದಿತು. ಹಿಂಬದಿಗೆ ಹೋಗಿ ಬಗ್ಗಿ ನೋಡಿದಳು. ಹಾಡು ನಿಲ್ಲದೆ ಬಂತು. ನೆಟ್ಟಗೆ ಕೂತಳು, ತೋಳು ಎದ್ದಿತು. ಮತ್ತೆ ಬಗ್ಗಿದಳು; ಹಾಡು ಬಂತು. ಅವಳ ಮುಖ ಅರಳಿದ್ದು ನನಗೆ ಹಸೆಮಣೆಯಿಂದಲೇ ಕಾಣಿಸಿತು.

"ಇದರ ಹಿಂದ್ಲ ಮುಚ್ಚಳ ಎಲ್ಲಿ?"

"ಬಿಸಿಯಾಯ್ತದೆ, ಗಾಳಿ ಆಡ್ಲಿ ಅಂತ ಅಂಗಡೀಲೇ ಬುಟ್ಟು ಬಂದೆ" ಎಂದ ಮಾವ.

"ಗಾಳಿ ಆಡ್ಲಿಲ್ಲ, ಬಿಸ್ಲು ಆಡ್ತು! ನಾ ಬಗ್ಗುದ್ರೆ ನೆಳ್ಳು ಬಿದ್ದು ಸರಿಯಾಯ್ತದೆ. ಸೂರ್ಯನ್ನ ನೋಡಿ ಇದು ಹಾಡು ಮುಗೀತು ಅನ್ಕೊಂಡದೆ." ಗಂಡಿನ ಕಡೆಯ ಆ ಹಿರಿಯರತ್ತ ತಿರುಗಿ ಕೈಚಾಚಿದಳು. "ಅಣ್ಣಾ, ನಿಮ್ ಕಂಬ್ಳಿ ಕೊಡಿ ಇಲ್ಲಿ."

ಅವರು ತಬ್ಬಿಬ್ಬಾಗಿ ಕೊಟ್ಟರು. ಅತ್ತೆ ಆ ಕರೀ ಕಂಬಳಿಯನ್ನು ಪ್ಲೇಯರಿನ ಬೆನ್ನಿಗೆ ಹೊದಿಸಿದಳು. ಹಾಡು ಕೊನೆಯವರೆಗೆ ಬಂತು. ಧಾರೆ ಮುಗಿಯುವವರೆಗೂ ಒಮ್ಮೆಯೂ ನಿಲ್ಲಲಿಲ್ಲ. ಮಾವನಂತೂ ಊಟದ ಪಂಕ್ತಿಯಲ್ಲಿ ಓಡಾಡಿಕೊಂಡು, "ನಂದು ಬರೀ ಸಾಗ್ಸೋ ಕೆಲ್ಸ ಕಣ್ರಪ್ಪೋ. ರಿಪೇರಿ ಎಲ್ಲಾ ಇವಳ್ದೇ" ಎಂದು ಸಾರಿದ. ಅತ್ತೆ ಅವತ್ತು ಎರಡು ಸಲ ಪಾಯಸ ಹಾಕಿಸಿಕೊಂಡಳು.

ಆಮೇಲೆ ರಟ್ಟಿಗೆ ದೀಪದ ಕಾಡಿಗೆ ಬಳಿದು, ಆ ಕಣ್ಣಿನ ಸುತ್ತ ಒಂದು ಪುಟ್ಟ ಗೂಡನ್ನೇ ಮಾಡಿ ಅಂಟಿಸಿದಳು. ಇನ್ನು ಮುಚ್ಚಳ ಮರೆತರೂ ಚಿಂತೆಯಿಲ್ಲವಂತೆ. ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ನಾನೇ ಬಿಚ್ಚಿ ನೋಡುವ ಧೈರ್ಯ ಬಂದದ್ದು ಅವಳಿಂದ. ನನ್ನತ್ತೆ ಎಂದು ಹೇಳಿಕೊಳ್ಳಲು ಇವತ್ತಿಗೂ ನನಗೆ ಹೆಮ್ಮೆ.

ಕೆಲವು ವರ್ಷಗಳ ನಂತರ ಅವಳು ತೀರಿಕೊಂಡಳು. ತಿಥಿಯ ದಿನ ಎಡೆಯ ಪಕ್ಕದಲ್ಲಿ ಮಾವ ಬೆಸುಗೆ ಕಡ್ಡಿ ಇಟ್ಟ. ಪ್ಲೇಯರನ್ನು ಅಂಗಳದ ಬಿಸಿಲಿಗೇ ತಂದು, ಹಿಂದಿನ ಮುಚ್ಚಳ ಬೇಕೆಂದೇ ತೆಗೆದು ಪ್ಲೇಟು ಹಾಕಿದ. ಇವತ್ತು ಹಾಡು ಹಾಕುವುದುಂಟೇ ಎಂದು ಯಾರೋ ಗೊಣಗಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಡು ಪೂರ್ತಿ ಮುಗಿದು, ತೋಳು ತಾನಾಗಿ ಎದ್ದು ತನ್ನ ಜಾಗಕ್ಕೆ ಹೋಗಿ ಕೂತಿತು.

ಮಾವ ಕಣ್ಣೊರೆಸಿಕೊಂಡು ನಮ್ಮೆಲ್ಲರ ಕಡೆ ನೋಡಿದ.

"ಕೇಳುದ್ರಾ? ಪೂರ್ತಿ ಬಂತು. ನನ್ನೆಂಡ್ತಿ ಮಾಡಿದ್ ರಿಪೇರಿ ಕಣ್ರಪ್ಪ ಅದು."